ಹಳೆ ಕಾರಿಗೆ ಕೋಲ್ಡ್ ಏರ್ ಇಂಟೇಕ್: ತೊಂದರೆ ಬಂದರೆ ಎಲ್ಲಿಂದ ಹುಡುಕಬೇಕು

ಹಳೆಯ ಏರ್ ಕ್ಲೀನರ್ ಡಬ್ಬಿ ಬಿಚ್ಚಿದ್ದೀರಿ. ಅದರ ಜಾಗಕ್ಕೆ ನೀವೇ ಅಳತೆ ಹಿಡಿದು ಮಾಡಿದ ಪೈಪು ಬಂದಿದೆ. ತುದಿಗೆ ಹೊಸ ಕೋನ್ ಫಿಲ್ಟರ್, ಗ್ರಿಲ್ ಹಿಂದಿನಿಂದ ಹೊರಗಾಳಿ ಎಳೆಯುವ ಬಾಯಿ. ಕೆಲಸ ಚೆನ್ನಾಗಿಯೇ ಆಗಿದೆ. ಆದರೆ ಗಾಡಿ ಮೊದಲಿನಷ್ಟು ಸಲೀಸಾಗಿ ಓಡುತ್ತಿಲ್ಲ. ಅಂಥ ಹೊತ್ತಿಗೆ ಈ ಕೈಪಿಡಿ. ಇಲ್ಲಿರುವುದು ಹೆಚ್ಚಾಗಿ ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ಇರುವ ಗಾಡಿಗಳ ಮಾತು. ಹಳೆ ಕಾಲದ ಇಂಜೆಕ್ಷನ್ ಬಗ್ಗೆಯೂ ಒಂದು ಭಾಗ ಇದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಕಂಡ ಕೂಡಲೇ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸಲು ಹೋಗಬೇಡಿ. ಕಾರ್ಬ್ಯುರೇಟರ್ ಪೆಟ್ರೋಲ್ ಅಳೆದು ಕೊಡುವುದು ಒತ್ತಡದ ವ್ಯತ್ಯಾಸದ ಮೇಲೆ. ಪೆಟ್ರೋಲ್ ನಿಲ್ಲುವ ಸಣ್ಣ ತೊಟ್ಟಿಯಾದ ಫ್ಲೋಟ್ ಚೇಂಬರಿನ ಮೇಲೆ ಒಂದು ಒತ್ತಡ ಇರುತ್ತದೆ, ಗಂಟಲಿನ ಕಿರಿದಾದ ಜಾಗದಲ್ಲಿ ಅದಕ್ಕಿಂತ ಕಡಿಮೆ ಒತ್ತಡ ಇರುತ್ತದೆ. ನೀವು ಹೊಸ ಇಂಟೇಕ್ ಹಾಕಿದಾಗ ಬದಲಾದದ್ದು ಗಾಳಿಯ ದಾರಿ. ಅದನ್ನು ಸರಿ ಮಾಡದೆ ಪೆಟ್ರೋಲ್ ಜಾಸ್ತಿ ಕಡಿಮೆ ಮಾಡುತ್ತಾ ಹೋದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ. ಆಮೇಲೆ ಯಾವುದು ಎಲ್ಲಿಂದ ಬಂತು ಅಂತ ಬಿಡಿಸುವುದು ನಿಜಕ್ಕೂ ಕಷ್ಟ.

ಎಂಜಿನ್ ಶುರು ಮಾಡುವ ಮೊದಲು

ಬಾನೆಟ್ ತೆರೆದು, ಎಂಜಿನ್ ಆಫ್ ಇಟ್ಟು, ಯಾರಿಗಾದರೂ ಆಕ್ಸಿಲರೇಟರ್ ಪೆಡಲ್ ಪೂರ್ತಿ ಒತ್ತಿ ಬಿಡಲು ಹೇಳಿ. ಥ್ರಾಟಲ್ ಲಿಂಕೇಜ್ (ಪೆಡಲಿನಿಂದ ಕಾರ್ಬ್ಯುರೇಟರಿನ ಗಾಳಿ ತಟ್ಟೆಗೆ ಹೋಗುವ ಕೊಂಡಿ) ಹೊಸ ಪೈಪಿಗೋ ಕ್ಲಾಂಪಿನ ಸ್ಕ್ರೂಗೋ ತಾಗುತ್ತಿದೆಯಾ ನೋಡಿ. ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಬರಬೇಕು. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಸಿಕ್ಕಿಕೊಂಡ ಥ್ರಾಟಲ್‌ನಿಂದ ಜೀವಕ್ಕೇ ಅಪಾಯ ಇದೆ. ಚೋಕ್ ಲಿಂಕೇಜನ್ನೂ ಹೀಗೇ ನೋಡಿ.

ಉಳಿದ ಎಚ್ಚರಿಕೆಗಳು ಇವು. ಸಡಿಲ ಬಟ್ಟೆ, ಉದ್ದ ಕೂದಲು, ಕೈ ಗಡಿಯಾರ ಫ್ಯಾನ್ ಹತ್ತಿರ ಬೇಡ. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ತಿರುಗಬಹುದು. ಎಂಜಿನ್ ಓಡಿಸುವಾಗ ಜಾಗ ಬಯಲಿಗೆ ತೆರೆದಿರಲಿ. ಮುಚ್ಚಿದ ಶೆಡ್ಡಿನಲ್ಲಿ ಸೈಲೆನ್ಸರ್ ಹೊಗೆ ಕೊಲ್ಲುತ್ತದೆ. ಪೆಟ್ರೋಲ್ ಬೆಂಕಿಗೆ ಆಗುವ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಫಿಲ್ಟರ್ ಇಲ್ಲದೆ ಗಾಡಿ ಓಡಿಸಬೇಡಿ. ಎಂಜಿನ್ ಹಿಂದಕ್ಕೆ ಬೆಂಕಿ ಉಗುಳಿದರೆ ಅದನ್ನು ಬಹುಮಟ್ಟಿಗೆ ತಡೆಯುವುದೂ ಫಿಲ್ಟರೇ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ

ಹಳೆ ಡಬ್ಬಿಯನ್ನು ಮತ್ತೆ ಕೂರಿಸಿ. ಬ್ರೀದರ್ ಪೈಪು (ಎಂಜಿನ್ ಒಳಗಿನ ಎಣ್ಣೆ ಹೊಗೆ ಹೊರಬರುವ ಪೈಪು), ವ್ಯಾಕ್ಯೂಮ್ ಪೈಪು ಎಲ್ಲವನ್ನೂ ಮೊದಲು ಇದ್ದ ಹಾಗೆ ಸಿಕ್ಕಿಸಿ ಒಂದು ಸುತ್ತು ಹೋಗಿಬನ್ನಿ. ತೊಂದರೆ ಹಾಗೇ ಇದ್ದರೆ ಅದು ಇಂಟೇಕಿನದಲ್ಲ. ಪಾಯಿಂಟ್, ಟೈಮಿಂಗ್, ಪ್ಲಗ್ ವೈರು, ಪೆಟ್ರೋಲ್ ಪಂಪು ಇವುಗಳ ಕಡೆ ತಿರುಗಿ. ತೊಂದರೆ ಹೋದರೆ ಮಾತ್ರ ಮುಂದಕ್ಕೆ ಓದಿ. ಎಷ್ಟೋ ಜನ ಹೊಸ ಇಂಟೇಕ್ ಹಾಕಿದ ದಿನವೇ ಹಳೆ ಡಬ್ಬಿಯನ್ನು ಗುಜರಿಗೆ ಕೊಟ್ಟುಬಿಡುತ್ತಾರೆ. ದಯವಿಟ್ಟು ಇಟ್ಟುಕೊಳ್ಳಿ. ದೋಷ ಹುಡುಕಲು ಅದಕ್ಕಿಂತ ಒಳ್ಳೆ ಉಪಕರಣ ಇಲ್ಲ.

ಲಕ್ಷಣ: ಶಬ್ದ ಮಾತ್ರ ಜಾಸ್ತಿ, ಪಿಕಪ್ ಅಷ್ಟೇ, ಅಥವಾ ಮೊದಲಿಗಿಂತ ಮಂದ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದೇ. ಬಹಳ ಸಲ ಕಾರಣವೂ ಒಂದೇ: ಹೆಸರಿಗೆ ಕೋಲ್ಡ್ ಏರ್, ಒಳಗೆ ಹೋಗುತ್ತಿರುವುದು ಬಿಸಿ ಗಾಳಿ.

ಲೆಕ್ಕ ನೋಡಿ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದೆ, ಫಿಲ್ಟರ್ ಬಾಯಲ್ಲಿ 60 ಡಿಗ್ರಿ ಇದೆ ಅನ್ನಿ. ಅದೇ ಒತ್ತಡದಲ್ಲಿ 60 ಡಿಗ್ರಿ ಗಾಳಿಯ ಸಾಂದ್ರತೆ ಸುಮಾರು ಶೇ. 9 ಕಡಿಮೆ. ಅಂದರೆ ಪ್ರತಿ ಹೀರುವಿಕೆಗೂ ಅಷ್ಟು ಗಾಳಿ ಕಡಿಮೆ. ಇಂಟೇಕಿನಿಂದ ಸಿಗುವ ಲಾಭದ ಬಹುಪಾಲು ಇಲ್ಲೇ ಇದೆ, ಹೋಗುವುದೂ ಇಲ್ಲೇ.

ಗಾಡಿಯ ವೇಗಕ್ಕೆ ಗಾಳಿ ತಾನಾಗಿ ಒಳಗೆ ನುಗ್ಗಿ ಒತ್ತಡ ಕೊಡುತ್ತದೆ ಅನ್ನುವ ನಂಬಿಕೆ ಬಲವಾಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಒತ್ತಡ ಸುಮಾರು 460 ಪ್ಯಾಸ್ಕಲ್. ವಾತಾವರಣದ ಒತ್ತಡ 1,01,325 ಪ್ಯಾಸ್ಕಲ್. ಅಂದರೆ ಅರ್ಧ ಶೇಕಡ ಕೂಡ ಆಗಲಿಲ್ಲ, ಅದೂ ಒಂದು ಚೂರೂ ನಷ್ಟ ಇಲ್ಲ ಅಂದುಕೊಂಡರೆ. ಆದ್ದರಿಂದ ಬಾಯಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಲ್ಲಿಂದ ಗಾಳಿ ತಗೊಳ್ಳುತ್ತದೆ ಅನ್ನುವುದು ಮುಖ್ಯ.

ಪರೀಕ್ಷೆ ಸುಲಭ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ತನ್ನಿ. ಸೆನ್ಸರನ್ನು ಫಿಲ್ಟರಿನ ಹೊರಮೈ ಹತ್ತಿರ ಗಟ್ಟಿಯಾಗಿ ಕಟ್ಟಿ. ಪೈಪಿನ ಒಳಗೆ ಸಡಿಲವಾಗಿ ಬಿಡಬೇಡಿ, ಕಳಚಿದರೆ ಎಂಜಿನ್ ನುಂಗುತ್ತದೆ. ಒಂದೇ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಪಕ್ಕದಲ್ಲಿ ಕೂತವರು ಓದಲಿ. ಹೊರಗಿನ ತಾಪಮಾನಕ್ಕಿಂತ 5ರಿಂದ 10 ಡಿಗ್ರಿ ಜಾಸ್ತಿ ಇದ್ದರೆ ಇಂಟೇಕ್ ತನ್ನ ಕೆಲಸ ಮಾಡುತ್ತಿದೆ. 25 ಡಿಗ್ರಿ ಜಾಸ್ತಿ ಇದ್ದರೆ ರೇಡಿಯೇಟರ್ ದಾಟಿ ಬಂದ ಗಾಳಿಯನ್ನೋ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿಸಿಯನ್ನೋ ಕುಡಿಯುತ್ತಿದೆ. ನಿಂತ ಗಾಡಿಯಲ್ಲಿ ಅಳೆದು ಗಾಬರಿಯಾಗಬೇಡಿ. ಟ್ರಾಫಿಕ್ಕಿನಲ್ಲಿ ನಿಂತಾಗ ಎಲ್ಲಾ ಇಂಟೇಕೂ ಬಿಸಿಯಾಗುತ್ತದೆ.

ಪರಿಹಾರವನ್ನೂ ಅಗ್ಗದಿಂದಲೇ ಶುರು ಮಾಡಿ. ಮೊದಲು ಫಿಲ್ಟರ್ ಮತ್ತು ಎಂಜಿನ್ ನಡುವೆ ಒಂದು ತಗಡಿನ ತಡೆಗೋಡೆ. ಅದರ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿ. ಬಾನೆಟ್ ಮುಚ್ಚಿದಾಗ ಬೀಡಿಂಗ್ ಬಾನೆಟ್ಟಿಗೆ ಒತ್ತಿಕೊಳ್ಳಬೇಕು. ಬಹಳಷ್ಟು ಮನೆಗೆಲಸದ ಶೀಲ್ಡುಗಳು ಸೋಲುವುದು ಈ ಮೇಲಂಚಿನ ಸಂದಿಯಲ್ಲೇ. ಅದು ಸಾಲದಿದ್ದರೆ ಫಿಲ್ಟರನ್ನು ರೇಡಿಯೇಟರ್ ಪಕ್ಕದ ಪ್ಯಾನೆಲ್ ಆಚೆಗೆ ಸಾಗಿಸಿ. ಮೂರನೆಯದು ಮುಂದಿನ ಗಾಜಿನ ಬುಡದಿಂದ ಗಾಳಿ ತಗೊಳ್ಳುವುದು. ಓಡುವ ಗಾಡಿಯಲ್ಲಿ ಅಲ್ಲಿ ಒತ್ತಡ ಸ್ವಲ್ಪ ಜಾಸ್ತಿ ಇರುತ್ತದೆ. 1969ರ ಶೆವ್ರೊಲೆ ಕಮಾರೊಗೆ ಸಿಗುತ್ತಿದ್ದ ಕೌಲ್ ಇಂಡಕ್ಷನ್ ಬಾನೆಟ್ ಇದನ್ನೇ ಬಳಸುತ್ತಿತ್ತು. ಆದರೆ ಇದಕ್ಕೆ ಬಾನೆಟ್ ಅಥವಾ ಬಾಡಿ ಕತ್ತರಿಸಬೇಕು. ಒರಿಜಿನಲ್ ಬಾಡಿಯ ಗಾಡಿಗೆ ಕತ್ತರಿ ಹಾಕುವ ಮುಂಚೆ ಸಾಕಷ್ಟು ಯೋಚಿಸಿ.

ಲಕ್ಷಣ: ಆಕ್ಸಿಲರೇಟರ್ ಒತ್ತಿದ ಕೂಡಲೇ ತಡವರಿಸುತ್ತದೆ

ಪೆಡಲ್ ಒತ್ತಿದ ಕ್ಷಣ ಗಾಳಿ ಜೋರಾಗಿ ನುಗ್ಗುತ್ತದೆ, ಪೆಟ್ರೋಲ್ ಒಂದು ಚಣ ಹಿಂದೆ ಬೀಳುತ್ತದೆ. ಆ ಚಣವನ್ನು ತುಂಬುವ ಏರ್ಪಾಡು ಕಾರ್ಬ್ಯುರೇಟರಿನಲ್ಲೇ ಇದೆ. ಮೊದಲು ಅದನ್ನೇ ನೋಡಿ.

ಎಸ್‌ಯು ಥರದ, ಅಂದರೆ ಗಾಳಿಗೆ ತಕ್ಕಂತೆ ಒಳಗೆ ಪಿಸ್ಟನ್ ಏರಿಳಿಯುವ, ಕಾರ್ಬ್ಯುರೇಟರ್ ಇದ್ದರೆ ಮೇಲಿನ ಡ್ಯಾಂಪರ್ ಮುಚ್ಚಳ ಬಿಚ್ಚಿ ಎಣ್ಣೆ ಇದೆಯಾ ನೋಡಿ. ಇಂಟೇಕ್ ಹಾಕುವಾಗ ಕಾರ್ಬ್ಯುರೇಟರನ್ನು ಓರೆ ಮಾಡಿದ್ದರೆ ಎಣ್ಣೆ ಚೆಲ್ಲಿರಬಹುದು. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ತಟಕ್ಕನೆ ಮೇಲೇರುತ್ತದೆ, ಮಿಕ್ಸ್ಚರ್ ಆ ಹೊತ್ತಿಗೆ ಲೀನ್ ಆಗುತ್ತದೆ (ಗಾಳಿಗೆ ಪೆಟ್ರೋಲ್ ಸಾಲುವುದಿಲ್ಲ), ಗಾಡಿ ತಡವರಿಸುತ್ತದೆ. ಆಕ್ಸಿಲರೇಟರ್ ಪಂಪು ಇರುವ ಕಾರ್ಬ್ಯುರೇಟರ್ ಆದರೆ ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ, ಪೈಪು ಬಿಚ್ಚಿ ಗಂಟಲಿನೊಳಗೆ ನೋಡಿ. ಥ್ರಾಟಲ್ ತಿರುಗಿಸಿದರೆ ಪೆಟ್ರೋಲಿನ ಸಣ್ಣ ಚಿಲುಮೆ ತಕ್ಷಣ ಬರಬೇಕು. ಮುಖವನ್ನು ತೀರಾ ಹತ್ತಿರ ತರಬೇಡಿ. ಒಂದೆರಡು ಸಲ ಸಾಕು, ಪೆಟ್ರೋಲ್ ಒಳಗೆ ನಿಲ್ಲುತ್ತದೆ.

ಇವೆರಡೂ ಸರಿ ಇದ್ದರೆ ಗ್ಯಾಸ್ಕೆಟ್ ನೋಡಿ. ಎಸ್‌ಯು ಕಾರ್ಬ್ಯುರೇಟರಿನ ಗಾಳಿ ಬಾಯಿಯ ಫ್ಲಾಂಜಿನಲ್ಲಿ ಬೋಲ್ಟಿನ ತೂತುಗಳಲ್ಲದೆ ಬೇರೆ ಚಿಕ್ಕ ತೂತುಗಳಿವೆ. ಪಿಸ್ಟನ್ನಿನ ಕೆಳಭಾಗಕ್ಕೆ ಗಾಳಿ ಹೋಗುವುದು ಅಲ್ಲಿಂದ. ಫಿಲ್ಟರಿನ ಗ್ಯಾಸ್ಕೆಟ್ ತಲೆಕೆಳಗಾಗಿ ಹಾಕಿದರೆ, ಅಥವಾ ನೀವು ಕತ್ತರಿಸಿದ ಅಡಾಪ್ಟರ್ ತಗಡಿನಲ್ಲಿ ಆ ತೂತು ಬಿಡದೆ ಹೋದರೆ, ಪಿಸ್ಟನ್ ಸರಿಯಾಗಿ ಏರುವುದೇ ಇಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗೂ ನಿಲ್ಲುತ್ತದೆ, ಎಳೆಯುವುದು ಮಾತ್ರ ಇಲ್ಲ. ಗಂಟೆಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಗ್ಯಾಸ್ಕೆಟ್ ತಿರುಗಿಸಿದರೆ ಸರಿಹೋಗುವ ದೋಷ ಇದು. ಕೈಯಾರೆ ಅಡಾಪ್ಟರ್ ಮಾಡುವವರು ಹಳೆ ಡಬ್ಬಿಯ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟುಕೊಂಡು ಪ್ರತಿ ತೂತನ್ನೂ ಗುರುತು ಹಾಕಿಕೊಳ್ಳಿ.

ಲಕ್ಷಣ: ಊರೊಳಗೆ ಚೆನ್ನಾಗಿದೆ, ಹೈವೇ ವೇಗದಲ್ಲಿ ಮಾತ್ರ ಜಗ್ಗುತ್ತದೆ

ಎದುರುಗಾಳಿ ಇದ್ದಾಗ ಜಾಸ್ತಿ, ದೊಡ್ಡ ಲಾರಿ ಹಿಂದೆ ಹೋದಾಗ ಕಡಿಮೆ. ಹೀಗಿದ್ದರೆ ಫ್ಲೋಟ್ ಚೇಂಬರಿನ ಗಾಳಿ ರಂಧ್ರವನ್ನು ಅನುಮಾನಿಸಿ.

ಎಷ್ಟೋ ಕಾರ್ಬ್ಯುರೇಟರುಗಳಲ್ಲಿ ಆ ರಂಧ್ರ ಹಳೆ ಏರ್ ಕ್ಲೀನರ್ ಒಳಗೇ ತೆರೆದುಕೊಂಡಿತ್ತು. ಹಾಗಾಗಿ ಗಂಟಲಿಗೆ ಬರುವ ಒತ್ತಡವೂ ಫ್ಲೋಟ್ ಚೇಂಬರಿನ ಒತ್ತಡವೂ ಒಟ್ಟಿಗೆ ಏರಿಳಿಯುತ್ತಿದ್ದವು. ನಿಮ್ಮ ಹೊಸ ಪೈಪು ಗಂಟಲನ್ನು ಮಾತ್ರ ಮುಚ್ಚಿಕೊಂಡು, ರಂಧ್ರವನ್ನು ಬಾನೆಟ್ಟಿನ ಕೆಳಗೆ ಹೊರಗೆ ಬಿಟ್ಟಿದ್ದರೆ ಆ ಸಮತೋಲ ಹೋಯಿತು. ಮುಂದಿನ ಬಾಯಿಗೆ ಗಾಳಿ ಬಡಿದಾಗ ಗಂಟಲಿನಲ್ಲಿ ಒತ್ತಡ ಏರುತ್ತದೆ, ಚೇಂಬರಿನಲ್ಲಿ ಏರುವುದಿಲ್ಲ. ಪೆಟ್ರೋಲ್ ಕಡಿಮೆ ಬರುತ್ತದೆ. ಮೇಲೆ ಹೇಳಿದ 460 ಪ್ಯಾಸ್ಕಲ್ ಶಕ್ತಿ ಕೊಡಲು ಏನೇನೂ ಸಾಲದು. ಆದರೆ ಹಗುರ ಥ್ರಾಟಲ್‌ನಲ್ಲಿ ಮಿಕ್ಸ್ಚರ್ ಕೆಡಿಸಲು ಸಾಕು. ಉಲ್ಟಾ ಕೂಡ ಆಗುತ್ತದೆ. ಫಿಲ್ಟರ್ ಕಟ್ಟಿಕೊಂಡಿದ್ದು ರಂಧ್ರ ಹೊರಗಿದ್ದರೆ ಗಂಟಲಿನಲ್ಲಿ ಒತ್ತಡ ಇಳಿದು ಪೆಟ್ರೋಲ್ ಜಾಸ್ತಿ ಬರುತ್ತದೆ.

ಪರೀಕ್ಷೆ: ಗಾಳಿ ಬಾಯಿಯನ್ನು ತಾತ್ಕಾಲಿಕವಾಗಿ ಗಾಳಿಯ ನೇರಕ್ಕೆ ಸಿಗದ ಹಾಗೆ ಪಕ್ಕಕ್ಕೆ ತಿರುಗಿಸಿ ಅದೇ ರಸ್ತೆಯಲ್ಲಿ ಓಡಿಸಿ. ಜಗ್ಗುವುದು ನಿಂತರೆ ಉತ್ತರ ಸಿಕ್ಕಿತು. ಶಾಶ್ವತ ಪರಿಹಾರ ಅಂದರೆ ರಂಧ್ರದಿಂದ ಒಂದು ಸಣ್ಣ ಪೈಪು ತಂದು ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ನಡುವಿನ ಭಾಗಕ್ಕೆ ಸೇರಿಸುವುದು, ಅಥವಾ ರಂಧ್ರವೂ ಒಳಗೆ ಬರುವ ಹಾಗೆ ಏರ್ ಬಾಕ್ಸ್ ಮಾಡುವುದು. ಪೈಪು ಪೆಟ್ರೋಲ್ ತಡೆಯುವಂಥದ್ದೇ ಆಗಿರಲಿ. ರಂಧ್ರವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಲಕ್ಷಣ: ಐಡ್ಲಿಂಗ್ ಏರಿದೆ, ಏರಿಳಿಯುತ್ತಿದೆ, ಎಲ್ಲೋ ಸುಸ್ ಅನ್ನುವ ಶಬ್ದ

ಇಲ್ಲಿ ಒಂದು ವಿಷಯ ಸ್ಪಷ್ಟ ಇರಲಿ. ಕಾರ್ಬ್ಯುರೇಟರಿಗಿಂತ ಮುಂಚೆ, ಅಂದರೆ ನಿಮ್ಮ ಪೈಪಿನಲ್ಲಿ, ಸೋರಿಕೆ ಇದ್ದರೆ ಐಡ್ಲಿಂಗ್ ಏರುವುದಿಲ್ಲ. ಆ ಗಾಳಿಯೂ ಕಾರ್ಬ್ಯುರೇಟರ್ ಮೂಲಕವೇ ಹೋಗುತ್ತದೆ. ದೂಳು ಒಳಗೆ ಹೋಗುವುದೊಂದೇ ನಷ್ಟ. ಐಡ್ಲಿಂಗ್ ಏರಿದೆ ಅಂದರೆ ಸೋರಿಕೆ ಥ್ರಾಟಲ್ ಆಚೆಗಿದೆ.

ಮೊದಲು ಕಣ್ಣಿಂದ ನೋಡಿ. ಹಳೆ ಡಬ್ಬಿಗೆ ಹೋಗುತ್ತಿದ್ದ ಸಣ್ಣ ವ್ಯಾಕ್ಯೂಮ್ ಪೈಪು ಎಲ್ಲೋ ಬಾಯಿ ತೆರೆದು ನೇತಾಡುತ್ತಿದೆಯಾ? ಚಳಿಯಲ್ಲಿ ಬಿಸಿಗಾಳಿ ಒಳಗೆ ಬಿಡುವ ಹಳೆ ಡಬ್ಬಿಯ ಕವಾಟಕ್ಕೆ ಹೋಗುತ್ತಿದ್ದ ಪೈಪನ್ನು ಬಿಟ್ಟುಬಿಡುವುದು ತುಂಬಾ ಸಾಮಾನ್ಯ. ಆಮೇಲೆ ಒಂದು ಉದ್ದ ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಜಾಯಿಂಟುಗಳ ಸುತ್ತ ತನ್ನಿ. ಸೋರುವ ಜಾಗದಲ್ಲಿ ಶಬ್ದ ಜೋರಾಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಜಾಯಿಂಟಿಗೆ ಸ್ವಲ್ಪ ಸ್ವಲ್ಪ ಚಿಮುಕಿಸಿದರೂ ಗೊತ್ತಾಗುತ್ತದೆ. ನೀರು ಸಂದಿಯನ್ನು ಒಂದು ಚಣ ಮುಚ್ಚಿದಾಗ ಎಂಜಿನ್ ಶಬ್ದ ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಕಾರ್ಬ್ಯುರೇಟರ್ ಕ್ಲೀನರ್ ಅಥವಾ ಗ್ಯಾಸ್ ಬಿಟ್ಟು ನೋಡುವ ಅಭ್ಯಾಸ ಇದೆ. ಬಿಸಿ ಮ್ಯಾನಿಫೋಲ್ಡ್ ಮೇಲೆ, ಸಿಡಿಯುವ ಪ್ಲಗ್ ವೈರುಗಳ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಬೇಡ.

ಎಂಜಿನ್ ಎಳೆಯುವಾಗ ಮಾತ್ರ ಸೋರಿಕೆಯ ಲಕ್ಷಣ ಕಂಡರೆ ಪೈಪನ್ನು ಎಲ್ಲಿ ಬಿಗಿದಿದ್ದೀರಿ ನೋಡಿ. ಎಂಜಿನ್ ತನ್ನ ಮೌಂಟಿಂಗ್ ಮೇಲೆ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ. ಗಟ್ಟಿ ಪೈಪಿನ ಒಂದು ತುದಿ ಕಾರ್ಬ್ಯುರೇಟರಿಗೆ, ಇನ್ನೊಂದು ಬಾಡಿಗೆ ಬಿಗಿದಿದ್ದರೆ ಆ ಎಳೆತವೆಲ್ಲ ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ಮೇಲೆ. ನಡುವೆ ಬಾಗುವ ರಬ್ಬರ್ ತುಂಡು ಇರಲೇಬೇಕು. ಪೈಪಿನ ಭಾರವನ್ನು ಬ್ರಾಕೆಟ್ ಹೊರಬೇಕು, ಕಾರ್ಬ್ಯುರೇಟರ್ ಅಲ್ಲ.

ಲಕ್ಷಣ: ಕೆಳಗೆ ಸರಿ, ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ

ಪೈಪು ಸಣ್ಣದಾಯಿತು ಅಂತ ಎಲ್ಲರೂ ಮೊದಲು ಯೋಚಿಸುತ್ತಾರೆ. ಸಾಮಾನ್ಯವಾಗಿ ಅದಲ್ಲ. 1,500 ಸಿಸಿ ಎಂಜಿನ್ 5,500 ಆರ್‌ಪಿಎಂನಲ್ಲಿ, ಸಿಲಿಂಡರ್ ಶೇ. 85 ತುಂಬುತ್ತದೆ ಅಂದುಕೊಂಡರೆ, ಸೆಕೆಂಡಿಗೆ ಸುಮಾರು 58 ಲೀಟರ್ ಗಾಳಿ ಕೇಳುತ್ತದೆ. ಒಳವ್ಯಾಸ 60 ಮಿ.ಮೀ. ಇರುವ ಪೈಪಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್ ಚಿಲ್ಲರೆ. 50 ಮಿ.ಮೀ.ನಲ್ಲಿ 30 ಮೀಟರ್. ಎರಡೂ ನಡೆಯುತ್ತವೆ. ಸುಮ್ನೆ 75 ಮಿ.ಮೀ. ಪೈಪಿಗೆ ಜಾಗ ಹುಡುಕುತ್ತಾ ಬ್ಯಾಟರಿ ಸರಿಸಬೇಕಾಗಿಲ್ಲ.

ನಿಜವಾದ ಕಾರಣ ಬಹುತೇಕ ಈ ಮೂರರಲ್ಲಿ ಒಂದು. ಮೊದಲನೆಯದು, ಕುಗ್ಗುವ ಪೈಪು. ತೆಳು ಫ್ಲೆಕ್ಸಿಬಲ್ ಹೋಸ್ ಕೈಗೆ ಗಟ್ಟಿ ಅನ್ನಿಸಬಹುದು, ಬಿಸಿಯಾದ ಮೇಲೆ ಎಂಜಿನ್ ಹೀರಿದಾಗ ಒಳಗೆ ಮಡಚಿಕೊಳ್ಳುತ್ತದೆ. ನಿಂತಾಗ ಮತ್ತೆ ದುಂಡಗಾಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮನೆಯ ನಲ್ಲಿ ಕೆಲಸದ ಪಿವಿಸಿ ಪೈಪಿಗೂ ಇದೇ ಕಥೆ. ಅದು ಸುಮಾರು 60 ಡಿಗ್ರಿ ದಾಟಿದರೆ ಬಲ ಕಳೆದುಕೊಂಡು ಮೆತ್ತಗಾಗುತ್ತಾ ಹೋಗುತ್ತದೆ. ಎಂಜಿನ್ ಕೋಣೆಗೆ ಅದು ಬೇಡವೇ ಬೇಡ. ಎರಡನೆಯದು, ಕಾರ್ಬ್ಯುರೇಟರಿಗೆ ತೀರಾ ಹತ್ತಿರ ಇರುವ ಚೂಪು ತಿರುವು. ಗಾಳಿ ಒಂದು ಕಡೆಗೆ ಒತ್ತಿಕೊಂಡು ಗಂಟಲಿಗೆ ಬರುತ್ತದೆ. ಬಾಯಿಯ ಮುಂದೆ ಒಂದಷ್ಟು ನೇರ ಪೈಪು ಬಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಮೂರನೆಯದು, ಏರ್ ಬಾಕ್ಸಿನ ಗೋಡೆ. ಕಾರ್ಬ್ಯುರೇಟರಿನ ತುತ್ತೂರಿ ಬಾಯಿಗೂ ಎದುರಿನ ಗೋಡೆಗೂ ನಡುವೆ ಬಾಯಿಯ ವ್ಯಾಸದ ಕಾಲು ಭಾಗದಷ್ಟು ಜಾಗ ಇದ್ದರೆ ಗಾಳಿ ಬರುವ ದಾರಿ ಬಾಯಿಯಷ್ಟೇ ಆಯಿತು. ಅದಕ್ಕಿಂತ ಕಡಿಮೆ ಇದ್ದರೆ ಗೋಡೆಯೇ ಕತ್ತು ಹಿಸುಕುತ್ತಿದೆ. ಅರ್ಧ ವ್ಯಾಸಕ್ಕಿಂತ ಕಡಿಮೆ ಬಿಡಬೇಡಿ, ಒಂದು ವ್ಯಾಸ ಇದ್ದರೆ ನೆಮ್ಮದಿ.

ಖಚಿತವಾಗಿ ಅಳೆಯಬೇಕಾ? ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯು ಆಕಾರಕ್ಕೆ ಹಲಗೆ ಮೇಲೆ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಿ. ಒಂದು ತುದಿ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ನಡುವಿನ ಪೈಪಿಗೆ, ಇನ್ನೊಂದು ಬಯಲಿಗೆ. ಪೂರ್ತಿ ಥ್ರಾಟಲ್‌ನಲ್ಲಿ ಎರಡು ಕಡೆಯ ನೀರಿನ ಮಟ್ಟದ ಅಂತರ ನೋಡಬೇಕು. 100ರಿಂದ 150 ಮಿ.ಮೀ. ಒಳಗಿದ್ದರೆ ಇಂಟೇಕ್ ಅಡ್ಡ ಬರುತ್ತಿಲ್ಲ. 250 ಮಿ.ಮೀ. ದಾಟಿದರೆ ಎಲ್ಲೋ ಕಟ್ಟಿದೆ. ಫಿಲ್ಟರ್ ತೊಳೆದು ಮತ್ತೆ ಅಳೆದರೆ ಫಿಲ್ಟರಾ ಪೈಪಾ ಅನ್ನುವುದೂ ತಿಳಿಯುತ್ತದೆ. ಯು ಪೈಪಿನ ಎರಡೂ ಕಡೆ ಅರ್ಧ ಮೀಟರ್ ಎತ್ತರ ಇರಲಿ, ಇಲ್ಲದಿದ್ದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ. ಓದುವುದು ಪಕ್ಕದವರ ಕೆಲಸ, ಜಾಗ ಖಾಲಿ ಖಾಸಗಿ ರಸ್ತೆ ಅಥವಾ ರೋಲಿಂಗ್ ರೋಡ್ (ಗಾಡಿ ನಿಂತಲ್ಲೇ ಚಕ್ರ ಓಡಿಸುವ ಉರುಳೆಗಳು) ಇರುವ ವರ್ಕ್‌ಶಾಪ್.

ಲಕ್ಷಣ: ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪ್ಲಗ್ ಮೇಲೆ ಮಸಿ

ಚೋಕ್ ಪ್ಲೇಟು ಪೂರ್ತಿ ತೆರೆಯುತ್ತಿದೆಯಾ ನೋಡಿ. ಕಾರ್ಬ್ಯುರೇಟರ್ ಮೇಲೆ ಹೊಸ ಹ್ಯಾಟ್ (ಮುಚ್ಚಳ) ಅಥವಾ ಬಾಕ್ಸ್ ಕೂರಿಸಿದಾಗ ಪ್ಲೇಟಿನ ಅಂಚು ಒಳಗೆ ತಾಗಿ ಅರ್ಧಕ್ಕೇ ನಿಲ್ಲುವುದು ಬಹಳ ಕಡೆ ಆಗುತ್ತದೆ. ಆಮೇಲೆ ಫಿಲ್ಟರ್ ಕೊಳೆ, ಎಣ್ಣೆ ಹಾಕುವ ಹತ್ತಿಯ ಫಿಲ್ಟರಾದರೆ ಅತಿಯಾದ ಎಣ್ಣೆ. ಅದಾದ ಮೇಲೆ ಮೇಲಿನ ಭಾಗದಲ್ಲಿ ಹೇಳಿದ ಗಾಳಿ ರಂಧ್ರ. ಹೊರಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಅಲ್ಲಿಗೇ ಎಂಜಿನ್ ನಿಲ್ಲಿಸಿ. ಅದು ಫ್ಲೋಟ್ ಅಥವಾ ನೀಡಲ್ ವಾಲ್ವಿನ ದೋಷ, ಇಂಟೇಕಿಗೆ ಸಂಬಂಧ ಇಲ್ಲ. ಸರಿಯಾಗುವ ತನಕ ಗಾಡಿ ಹೊರಡಬಾರದು.

ಲಕ್ಷಣ: ತಂಪು, ತೇವದ ಹವೆಯಲ್ಲಿ ಕೆಲವು ನಿಮಿಷ ಓಡಿದ ಮೇಲೆ ಸಾಯುತ್ತದೆ

ಸ್ವಲ್ಪ ಹೊತ್ತು ಆಫ್ ಮಾಡಿ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಪಂಪು, ಕಾಯಿಲ್ ಎಲ್ಲಾ ಬದಲಿಸಿ ಸೋತವರಿದ್ದಾರೆ. ಇದು ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟುವ ತೊಂದರೆ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ. ಗಂಟಲಿನೊಳಗಿನ ತಾಪಮಾನ 20 ಡಿಗ್ರಿ ಅಥವಾ ಇನ್ನೂ ಜಾಸ್ತಿ ಇಳಿಯಬಹುದು. ಹಾಗಾಗಿ ಹೊರಗೆ 10 ಡಿಗ್ರಿ ಇದ್ದರೂ ಥ್ರಾಟಲ್ ಪ್ಲೇಟಿನ ಸುತ್ತ ಗಾಳಿಯ ತೇವ ಗಡ್ಡೆ ಕಟ್ಟುತ್ತದೆ. ನಿಂತಾಗ ಎಂಜಿನ್ ಬಿಸಿಗೆ ಕರಗಿಹೋಗುತ್ತದೆ, ಸಾಕ್ಷಿಯೇ ಉಳಿಯುವುದಿಲ್ಲ.

ಹಳೆ ಡಬ್ಬಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಒಂದು ಬಿಸಿಗಾಳಿ ಪೈಪು ಬರುತ್ತಿತ್ತು ಅಲ್ವಾ, ಅದು ಇದ್ದದ್ದೇ ಇದಕ್ಕೆ. ಚಳಿ ಇರುವ ಜಾಗದಲ್ಲಿ ಗಾಡಿ ಓಡಿಸುವವರು ಆ ಪೈಪನ್ನು ಸೇರಿಸುವ ಒಂದು ಕವಾಟವನ್ನು ಹೊಸ ಇಂಟೇಕಿನಲ್ಲೂ ಉಳಿಸಿಕೊಳ್ಳಿ. ಬೇಸಿಗೆಗೆ ಮುಚ್ಚಿ, ಚಳಿಗೆ ತೆರೆಯಿರಿ. ನನ್ನ ಪ್ರಕಾರ ಒಳ್ಳೆ ಇಂಟೇಕಿನ ಲಕ್ಷಣವೇ ಇದು. ತಂಪು ಗಾಳಿ ಬೇಕಾದಾಗ ಕೊಡಬೇಕು, ಬೇಡವಾದಾಗ ನಿಲ್ಲಿಸಬೇಕು.

ಲಕ್ಷಣ: ಫಿಲ್ಟರ್ ಒಳಗೆ ಎಣ್ಣೆ, ಅಥವಾ ಎಂಜಿನ್ ಸೀಲುಗಳಲ್ಲಿ ಹೊಸದಾಗಿ ಸೋರಿಕೆ

ಎರಡೂ ಬ್ರೀದರ್ ಪೈಪಿನ ಕಥೆ. ಸೀಲು ಸೋರುತ್ತಿದ್ದರೆ ಬ್ರೀದರನ್ನು ಮುಚ್ಚಿಬಿಟ್ಟಿದ್ದೀರಿ, ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಟ್ಟಿಕೊಂಡು ಎಣ್ಣೆಯನ್ನು ಹೊರಗೆ ತಳ್ಳುತ್ತಿದೆ. ಕೂಡಲೇ ಬಿಚ್ಚಿ. ಫಿಲ್ಟರ್ ಒದ್ದೆಯಾಗುತ್ತಿದ್ದರೆ ಬ್ರೀದರ್ ಪೈಪು ಫಿಲ್ಟರಿಗೆ ತೀರಾ ಹತ್ತಿರ ಸೇರಿದೆ. ಫಿಲ್ಟರ್ ದಾಟಿದ ಸ್ವಚ್ಛ ಗಾಳಿಯ ಕಡೆ, ಕಾರ್ಬ್ಯುರೇಟರಿಗೆ ಹತ್ತಿರ ಸೇರಿಸಿ. ನಡುವೆ ಎಣ್ಣೆ ಹಿಡಿಯುವ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು. ಎಲ್ಲಾ ಸರಿ ಇದ್ದೂ ಎಣ್ಣೆ ಹೊಗೆ ಜೋರಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಾದಾ ಸಿಲಿಕಾನ್ ಹೋಸನ್ನು ಈ ಜಾಗಕ್ಕೆ ಹಾಕಬೇಡಿ, ಎಣ್ಣೆ ಮತ್ತು ಪೆಟ್ರೋಲಿಗೆ ಅದು ಉಬ್ಬಿ ಮೆತ್ತಗಾಗುತ್ತದೆ.

ಲಕ್ಷಣ: ಪೈಪಿನ ಒಳಗೆ ಸಣ್ಣ ದೂಳು

ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಫಿಲ್ಟರ್ ಆಚೆಯ ಪೈಪಿನ ಒಳಗೋಡೆ ಒರೆಸಿ. ಬಟ್ಟೆ ಸ್ವಚ್ಛ ಬರಬೇಕು. ಕಂದು ಗೆರೆ ಬಂದರೆ ಗೆರೆಯ ಹಿಂದೆ ಹೋಗಿ, ಅದು ಸೋರುವ ಜಾಯಿಂಟಿಗೇ ಕರೆದುಕೊಂಡು ಹೋಗುತ್ತದೆ. ಗಾಡಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಜನ ಇದನ್ನು ಬಿಟ್ಟುಬಿಡುತ್ತಾರೆ. ಸಿಲಿಂಡರ್ ಗೋಡೆ ಮಾತ್ರ ಸವೆಯುತ್ತಾ ಇರುತ್ತದೆ. ಹೊಸ ಇಂಟೇಕ್ ಹಾಕಿ ಕೆಲವು ನೂರು ಕಿಲೋಮೀಟರ್ ಆದ ಮೇಲೆ ತಪ್ಪದೆ ಮಾಡಿ. ಬೆಸುಗೆ ಹಾಕಿದ ಪೈಪಾದರೆ ಒಳಗೆ ಲೋಹದ ಹನಿಗಳು ಉಳಿದಿಲ್ಲ ಅಂತ ಹಾಕುವ ಮೊದಲೇ ಕೈಯಾಡಿಸಿ ನೋಡಿ. ಸತು ಲೇಪನದ ತಗಡನ್ನು ವೆಲ್ಡ್ ಮಾಡಿದರೆ ವಿಷದ ಹೊಗೆ ಬರುತ್ತದೆ. ಲೇಪನ ತೆಗೆಯಿರಿ ಅಥವಾ ಬೇರೆ ತಗಡು ತಗೊಳ್ಳಿ.

ಲಕ್ಷಣ: ನೀರಿನಲ್ಲಿ ಹೋದ ಮೇಲೆ ಎಂಜಿನ್ ತಟಕ್ಕನೆ ನಿಂತಿತು

ಸ್ಟಾರ್ಟರ್ ಮುಟ್ಟಬೇಡಿ. ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ನೀರು ಗಾಳಿಯ ಹಾಗೆ ಒತ್ತಿಕೊಳ್ಳುವುದಿಲ್ಲ, ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಫಿಲ್ಟರ್ ಒದ್ದೆ ಇದ್ದರೆ ಗಾಡಿಯನ್ನು ಎಳೆಸಿಕೊಂಡು ಹೋಗಿ. ಪ್ಲಗ್ ಎಲ್ಲಾ ಬಿಚ್ಚಿ, ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಬೇಕು. ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ ಮಾಡಲಿ. ಮುಂದಕ್ಕೆ ಗಾಳಿ ಬಾಯಿಯನ್ನು ಬಂಪರಿಗಿಂತ ಮೇಲೆ ತನ್ನಿ, ಪೈಪಿನ ಅತಿ ಕೆಳಗಿನ ಜಾಗದಲ್ಲಿ, ಫಿಲ್ಟರಿಗಿಂತ ಮುಂಚೆ, ಒಂದು ಸಣ್ಣ ತೂತು ಇರಲಿ.

ಹಳೆ ಇಂಜೆಕ್ಷನ್ ಇರುವ ಗಾಡಿಗಳಲ್ಲಿ

1970ರ ದಶಕದ ಬಾಷ್ ಎಲ್-ಜೆಟ್ರಾನಿಕ್, ಕೆ-ಜೆಟ್ರಾನಿಕ್ ವ್ಯವಸ್ಥೆಗಳು ಒಳಗೆ ಹೋಗುವ ಗಾಳಿಯನ್ನು ಒಂದು ರೆಕ್ಕೆ ಅಥವಾ ತಟ್ಟೆಯಿಂದ ಅಳೆಯುತ್ತವೆ. ಇಲ್ಲಿ ನಿಯಮ ತಿರುಗುಮುರುಗು. ಮೀಟರಿನಿಂದ ಎಂಜಿನ್ ಕಡೆಗೆ ಎಲ್ಲಿ ಸೋರಿದರೂ ಆ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಮಿಕ್ಸ್ಚರ್ ಲೀನ್ ಆಗುತ್ತದೆ. ಸುಲಭ ಪರೀಕ್ಷೆ ಒಂದಿದೆ: ಐಡ್ಲಿಂಗ್‌ನಲ್ಲಿ ಎಣ್ಣೆ ತುಂಬುವ ಮುಚ್ಚಳ ತೆಗೆಯಿರಿ. ಎಂಜಿನ್ ಮುಗ್ಗರಿಸಬೇಕು ಅಥವಾ ನಿಲ್ಲಬೇಕು. ಏನೂ ಬದಲಾಗದಿದ್ದರೆ ಬೇರೆ ಎಲ್ಲೋ ಈಗಾಗಲೇ ಸೋರುತ್ತಿದೆ. ಮೀಟರ್ ಮತ್ತು ಥ್ರಾಟಲ್ ನಡುವಿನ ರಬ್ಬರ್ ಬೂಟಿನ ಮಡಿಕೆಗಳನ್ನು ಬಿಡಿಸಿ ಬಿರುಕು ನೋಡಿ. ಮೀಟರಿನ ಸ್ಪ್ರಿಂಗ್ ಬಿಗಿ ಮಾತ್ರ ಮುಟ್ಟಬೇಡಿ, ಮತ್ತೆ ಮೊದಲಿನ ಜಾಗಕ್ಕೆ ತರುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಲಕ್ಷಣ: ಏರು ಹತ್ತುವಾಗ ಟಣಟಣ ನಾಕಿಂಗ್, ಪ್ಲಗ್ ಬೆಳ್ಳಗೆ

ಕಾಲು ಹಗುರ ಮಾಡಿ, ನಿಧಾನವಾಗಿ ಮನೆ ಸೇರಿ. ನಾಕಿಂಗ್ ಅಂದರೆ ಸಿಲಿಂಡರಿನಲ್ಲಿ ಮಿಕ್ಸ್ಚರ್ ಹದ ತಪ್ಪಿ ಸಿಡಿಯುವುದು. ಲೀನ್ ಮಿಕ್ಸ್ಚರಿನಲ್ಲಿ ಅದನ್ನು ಇಟ್ಟುಕೊಂಡು ಓಡಿಸಿದರೆ ಪಿಸ್ಟನ್ ತೂತಾಗುತ್ತದೆ.

ಮೇಲಿನ ಪರೀಕ್ಷೆಗಳೆಲ್ಲ ಮುಗಿದು, ಗಾಳಿ ನಿಜಕ್ಕೂ ತಂಪಾಗಿದೆ, ಸೋರಿಕೆ ಇಲ್ಲ, ರಂಧ್ರ ಸರಿ ಇದೆ, ಟೈಮಿಂಗ್ ಸರಿ ಇದೆ ಅಂದಾಗ ಉಳಿಯುವುದು ಒಂದೇ. ಇಂಟೇಕ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಅದಕ್ಕೇ ಲೀನ್ ಆಗಿದೆ. ಗಾಳಿಯ ಸಾಂದ್ರತೆ ಶೇ. 10 ಏರಿದರೆ ಕಾರ್ಬ್ಯುರೇಟರ್ ಕೊಡುವ ಪೆಟ್ರೋಲ್ ಸುಮಾರು ಶೇ. 5 ಮಾತ್ರ ಏರುತ್ತದೆ. ಉಳಿದ ಶೇ. 5 ಕೊರತೆಯನ್ನು ನೀವು ತುಂಬಬೇಕು. ಈಗ ಜೆಟ್ ಮುಟ್ಟಿ.

ಮೇನ್ ಜೆಟ್ ಒಂದೇ ಅಳತೆ ದೊಡ್ಡದು ಹಾಕಿ, ಎಸ್‌ಯು ಆದರೆ ಸ್ವಲ್ಪ ರಿಚ್ ಆದ, ಅಂದರೆ ಪೆಟ್ರೋಲ್ ಜಾಸ್ತಿ ಬಿಡುವ, ನೀಡಲ್. ಹೊಸ ಪ್ಲಗ್ ಹಾಕಿ ಓಡಿಸಿ ಬಣ್ಣ ನೋಡಿ. ತಿಳಿ ಕಂದು ಬರಬೇಕು. ಈಗಿನ ಪೆಟ್ರೋಲಿನಲ್ಲಿ ಬಣ್ಣ ಅಷ್ಟು ಸ್ಪಷ್ಟ ಬರುವುದಿಲ್ಲ, ಹಾಗಾಗಿ ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯ ಆಮ್ಲಜನಕದಿಂದ ಮಿಕ್ಸ್ಚರ್ ತಿಳಿಸುವ ಸೆನ್ಸರ್) ಹಾಕಿ ಅಳೆಯುವುದೇ ಭರವಸೆಯ ದಾರಿ. ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ 12.5ರಿಂದ 13 ನಡುವೆ ಇರಲಿ. ಎರಡು ಅಳತೆ ಏರಿಸಿದ ಮೇಲೂ ನಾಕಿಂಗ್ ನಿಲ್ಲದಿದ್ದರೆ ಜೆಟ್ಟನ್ನು ಅಲ್ಲಿಗೇ ಬಿಟ್ಟು ಕಾರ್ಬ್ಯುರೇಟರ್ ಬಲ್ಲವರ ಹತ್ತಿರ ರೋಲಿಂಗ್ ರೋಡಿಗೆ ಒಯ್ಯಿರಿ. ಹೋಗುವಾಗ ಹಳೆ ಡಬ್ಬಿ, ಹಳೆ ಜೆಟ್, ನೀವು ಬರೆದಿಟ್ಟ ತಾಪಮಾನ ಮತ್ತು ನೀರಿನ ಮಟ್ಟದ ಅಂಕಿಗಳು ಜೊತೆಗಿರಲಿ, ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.